ಬಂದೂಕು ಹಿಡಿದ ಆತಿಥೇಯ

ಮೆಹಮಾನ ಬರುತ್ತಾನೆಂದು ಮನೆ ಸಾರಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ಅವನಿಗೆ ಇಷ್ಟವಾದ ಅಡುಗೆ ಮಾಡಿಟ್ಟು ಹಾದಿ ಕಾಯುವವನನ್ನು ನಾವು ಒಳ್ಳೆಯ ಆತಿಥೇಯ ಎನ್ನುತ್ತೇವೆ. ಮೆಹಮಾನ ಬಂದು ತಟ್ಟೆಯ ಮುಂದೆ ಕುಳಿತ ಮೇಲೆ ಅದೇ ಮನುಷ್ಯ ಬಾಗಿಲ ಮರೆಯಿಂದ ಗುಂಡು ಹಾರಿಸಿದರೆ ಅವನಿಗೆ ಏನೆನ್ನಬೇಕು? ವಿಶ್ವಾಸಘಾತಕ ಎಂಬ ಮಾತು ಥಟ್ಟನೆ ನಾಲಿಗೆಗೆ ಬರುತ್ತದೆ. ಆದರೆ ಈ ಮನುಷ್ಯ ಇಲ್ಲದಿದ್ದರೆ ಮೆಹಮಾನನಿಗೆ ಆ ಊರಲ್ಲಿ ಊಟವೂ ಇರುತ್ತಿರಲಿಲ್ಲ, ನೆಲೆಯೂ ಇರುತ್ತಿರಲಿಲ್ಲ, ಅವನ ಕುಲವೇ ಕ್ಷೀಣಿಸಿಹೋಗುತ್ತಿತ್ತು ಎಂದು ಯಾರಾದರೂ ಲೆಕ್ಕ ತೋರಿಸಿದರೆ ನಮ್ಮ ತೀರ್ಪು ಹಾಗೆಯೇ ಉಳಿಯುವುದೇ?

ಇದು ಕಟ್ಟಿದ ಒಗಟಲ್ಲ. ಅಮೆರಿಕದಲ್ಲಿ ಕಾಡುಬಾತುಗಳ ಬೇಟೆ ಮತ್ತು ಆ ಬಾತುಗಳು ಬದುಕುವ ಜೌಗುನೆಲದ ಪಾಲನೆ, ಇವೆರಡೂ ಸುಮಾರು ತೊಂಬತ್ತು ವರ್ಷಗಳಿಂದ ಒಂದೇ ಕೈಯ ಕೆಲಸಗಳಾಗಿ ನಡೆದುಬಂದಿವೆ.

ಅಲ್ಲಿನ ಬಾತುಗಳು ಬೇಸಿಗೆಯಲ್ಲಿ ಕೆನಡಾದ ಹುಲ್ಲುಗಾವಲುಗಳಲ್ಲೂ ಅಮೆರಿಕದ ಡಕೋಟಾ ರಾಜ್ಯಗಳಲ್ಲೂ ಇರುವ ಸಣ್ಣ ಸಣ್ಣ ಹೊಂಡಗಳ ಸುತ್ತ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಹಿಮಯುಗದ ಹಿಮನದಿಗಳು ಕರಗಿ ಹಿಂದೆ ಸರಿದಾಗ ಉಳಿದ ಗುಂಡಿಗಳು ಅವು. ಚಳಿ ಶುರುವಾದರೆ ಹಿಂಡುಹಿಂಡಾಗಿ ದಕ್ಷಿಣಕ್ಕೆ ಹಾರುತ್ತವೆ. ಅವು ಇಳಿಯುವ ಹೊತ್ತಿಗೆ ಕೆಳಗೆ ನೀರೂ ಕಾಳೂ ಸಿದ್ಧವಿರಬೇಕು. ಇದಕ್ಕಾಗಿ ಅಲ್ಲಿನ ಜೌಗುನೆಲದ ಮೇಲ್ವಿಚಾರಕ ಮಾಡುವ ಕೆಲಸ ನಮ್ಮ ಕೆರೆಗಳ ನೀರಗಂಟಿಯನ್ನು ನೆನಪಿಸುವಂಥದು. ವಸಂತದಲ್ಲಿ ಅವನು ತೂಬು ತೆರೆದು ನೀರನ್ನು ಮೆಲ್ಲಗೆ ಹೊರಬಿಡುತ್ತಾನೆ. ಒದ್ದೆ ಕೆಸರಿಗೆ ಬಿಸಿಲು ತಾಗಿದಾಗ ಮಣ್ಣಿನಲ್ಲಿ ಮಲಗಿದ್ದ ಕಾಡು ಊದಲಿನಂಥ ಹುಲ್ಲುಗಳ ಬೀಜ ತಾನಾಗಿ ಮೊಳೆಯುತ್ತದೆ. ನೀರನ್ನು ಬೇಗ ಬಿಟ್ಟರೆ ಒಂದು ಜಾತಿಯ ಗಿಡ, ತಡವಾಗಿ ಬಿಟ್ಟರೆ ಇನ್ನೊಂದು. ಕೆಲವು ವರ್ಷಗಳಿಗೊಮ್ಮೆ ನೆಲವನ್ನು ಉಳದಿದ್ದರೆ ಜೊಂಡೂ ಪೊದೆಯೂ ಹಬ್ಬಿ ಕಾಳಿನ ಹುಲ್ಲು ಇಲ್ಲವಾಗುತ್ತದೆ. ಮತ್ತೆ ಚಳಿಗೆ ಮುನ್ನ ತೂಬು ಮುಚ್ಚಿ, ಹಂತಹಂತವಾಗಿ ನೀರು ನಿಲ್ಲಿಸುತ್ತಾನೆ. ತಲೆ ಕೆಳಗೆ ಮಾಡಿ ಮೇಯುವ ಬಾತಿಗೆ ಗೇಣುದ್ದದ ನೀರು ಸಾಕು. ಅದಕ್ಕಿಂತ ತುಂಬ ಆಳವಾದರೆ ಕೊಕ್ಕು ತಳ ಮುಟ್ಟುವುದಿಲ್ಲ.

ಇಷ್ಟೆಲ್ಲ ಶ್ರದ್ಧೆಯ ಕೊನೆಯಲ್ಲಿ ಬೇಟೆಯ ಋತು ಬರುತ್ತದೆ. ಆ ಋತುವಿಗೂ ಕಟ್ಟುಕಟ್ಟಳೆಗಳಿವೆ. ವರ್ಷಕ್ಕೆ ಹೆಚ್ಚೆಂದರೆ 107 ದಿನ. ಎಷ್ಟೋ ಕಡೆ ಅದಕ್ಕಿಂತ ಬಹಳ ಕಡಿಮೆ. ಸೂರ್ಯಾಸ್ತವಾದ ಮೇಲೆ ಗುಂಡು ಹಾರಿಸುವಂತಿಲ್ಲ. ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ. ಸಾಮಾನ್ಯವಾಗಿ ಒಬ್ಬನಿಗೆ ದಿನಕ್ಕೆ ಆರು ಬಾತು, ಅದರಲ್ಲೂ ಕೆಲವು ಜಾತಿಯ ಹೆಣ್ಣುಹಕ್ಕಿಗಳಿಗೆ ಬೇರೆಯೇ ಮಿತಿ. ಈ ಮಿತಿಗಳನ್ನು ಅಂದಾಜಿನಲ್ಲಿ ಹಾಕಿದ್ದಲ್ಲ. 1955ರಿಂದ, ಕೋವಿಡ್ ಕಾಲದ 2020 ಮತ್ತು 2021ನ್ನು ಬಿಟ್ಟರೆ, ಪ್ರತಿವರ್ಷ ಮೇ ತಿಂಗಳಲ್ಲಿ ಸಣ್ಣ ವಿಮಾನಗಳಲ್ಲಿ ತಗ್ಗಾಗಿ ಹಾರಿ ಹಕ್ಕಿಗಳನ್ನೂ ಹೊಂಡಗಳನ್ನೂ ಎಣಿಸಿ, ಆ ಎಣಿಕೆಯನ್ನು ನೋಡಿ ಇವನ್ನು ನಿರ್ಧರಿಸುತ್ತಾರೆ.

ಈ ಕಾನೂನಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆಮಿಷದ ನಿಯಮ. ಬೇಟೆಯ ಜಾಗದಲ್ಲಿ ಜೋಳವನ್ನೋ ಗೋಧಿಯನ್ನೋ ಚೆಲ್ಲಿ ಹಕ್ಕಿಗಳನ್ನು ಕರೆದು ಹೊಡೆಯುವುದು 1935ರಿಂದ ಅಪರಾಧ. ಆದರೆ ತಾನಾಗಿ ಬೆಳೆದ ಹುಲ್ಲಿಗೆ ನೀರು ಕಟ್ಟಿದರೆ ತಪ್ಪಿಲ್ಲ. ಕೊಯ್ಯದೆ ನಿಂತ ಬೆಳೆಗೆ ನೀರು ಬಿಟ್ಟು ಅಲ್ಲಿ ಬೇಟೆಯಾಡಿದರೂ ತಪ್ಪಿಲ್ಲ. ಅದೇ ಬೆಳೆಯನ್ನು ಬಾತುಗಳಿಗೆಂದು ಮುರಿದು ಕೆಡವಿದರೆ ಅದು ಆಮಿಷ. ಮನೆಯ ಊಟಕ್ಕೂ ಬೋನಿನ ಊಟಕ್ಕೂ ನಡುವೆ ಗೆರೆ ಎಳೆಯಲು ಒಂದು ದೇಶದ ಕಾನೂನು ಹೀಗೆ ತಡಕಾಡಿದೆ. ಆ ಗೆರೆ ಎಷ್ಟು ಸಣ್ಣದು ಎಂದು ನಗುವವರು ನಗಬಹುದು. ಕೊಲ್ಲುವವನಿಗೂ ಮೋಸ ಮಾಡುವ ಹಕ್ಕಿಲ್ಲ ಎಂದು ಅದು ಒಪ್ಪಿಕೊಂಡಿದೆಯಲ್ಲ, ಅಷ್ಟನ್ನು ನಾವು ಗಮನಿಸಬೇಕು.

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮಿತಿಯೆಂಬುದೇ ಇರಲಿಲ್ಲ. ದೋಣಿಗೆ ಕಟ್ಟಿದ ತೋಪಿನಂಥ ಬಂದೂಕುಗಳಿಂದ ಒಂದೇ ಏಟಿಗೆ ಡಜನುಗಟ್ಟಲೆ ಬಾತುಗಳನ್ನು ಕೆಡವಿ ನಗರಗಳ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಷ್ಟು ಇದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. 1918ರ ಕಾನೂನು ವಲಸೆಹಕ್ಕಿಗಳ ಮಾರಾಟವನ್ನು ತಡೆಯಿತು. ಆದರೂ 1930ರ ದಶಕದ ಭೀಕರ ಬರದಲ್ಲಿ ಹೊಂಡಗಳು ಒಣಗಿ ಬಾತುಗಳು ಮತ್ತೆ ಕುಸಿದವು. ಆಗ, 1934ರಲ್ಲಿ, ಒಂದು ಉಪಾಯ ಕಾನೂನಾಯಿತು. ಹದಿನಾರು ವರ್ಷ ತುಂಬಿದ ಪ್ರತಿಯೊಬ್ಬ ಬಾತುಬೇಟೆಗಾರನೂ ವರ್ಷಕ್ಕೊಂದು ವಿಶೇಷ ಚೀಟಿ ಕೊಳ್ಳಬೇಕು, ಆ ಹಣದಿಂದ ಸರ್ಕಾರ ಜೌಗುನೆಲ ಕೊಳ್ಳಬೇಕು. ಮೊದಲ ಚೀಟಿಯ ಚಿತ್ರ ಬರೆದವರು ಜೇ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರ. ಅದರ ಬೆಲೆ ಒಂದು ಡಾಲರ್. ಇಂದು ಅದು 25 ಡಾಲರ್. ಅದರಲ್ಲಿ ಶೇಕಡಾ 98 ಪಾಲು ನೆಲಕ್ಕೇ ಹೋಗುತ್ತದೆ. ಹೀಗೆ ಉಳಿದ ನೆಲ 60 ಲಕ್ಷ ಎಕರೆಗೂ ಹೆಚ್ಚು. ಇಂಥ ತಾಣಗಳಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ಜಾಗವನ್ನು ಬಾತುಬೇಟೆಗೆ ತೆರೆಯುವಂತಿಲ್ಲ.

ಫಲ ಏನಾಯಿತು? 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇಡೀ ಉತ್ತರ ಅಮೆರಿಕದ ಹಕ್ಕಿಗಳ ಲೆಕ್ಕ ಹಾಕಿತು. 1970ರಿಂದ ಈಚೆಗೆ ಅಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ಹುಲ್ಲುಗಾವಲಿನ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲವಾಗಿವೆ. ಆದರೆ ಬಾತು, ಹೆಬ್ಬಾತುಗಳ ಗುಂಪು ಮಾತ್ರ ಅದೇ ಅವಧಿಯಲ್ಲಿ ಶೇಕಡಾ 56ರಷ್ಟು ಹೆಚ್ಚಿತ್ತು. ಇತ್ತೀಚಿನ ವರ್ಷಗಳ ಬರದಿಂದ ಬಾತುಗಳ ಸಂಖ್ಯೆ ಮತ್ತೆ ಇಳಿದಿದೆಯಾದರೂ, ಆ ಐವತ್ತು ವರ್ಷಗಳ ಕಥೆ ನಮ್ಮನ್ನು ಕಸಿವಿಸಿಗೊಳಿಸುವಂಥದು. ಮನುಷ್ಯ ಬಂದೂಕು ಎತ್ತಿದ ಹಕ್ಕಿ ಹೆಚ್ಚಿತು. ಬಂದೂಕು ಎತ್ತದ ಹಕ್ಕಿ ಸೊರಗಿತು.

ಬೇಟೆಗಾರ ಈ ಅಂಕಿಯನ್ನು ತೋರಿಸಿ ತಾನೇ ನಿಜವಾದ ಹಕ್ಕಿಪ್ರೇಮಿ ಎನ್ನುತ್ತಾನೆ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಅವನು ನೀರು ನಿಲ್ಲಿಸಿದ ಕಡೆ ಬಾತಿನ ಜೊತೆ ಕೊಕ್ಕರೆಯೂ ಕಪ್ಪೆಯೂ ಬದುಕುತ್ತವೆ. ಅವಕ್ಕೆ ಯಾರೂ ಚೀಟಿ ಕೊಂಡಿರಲಿಲ್ಲ. ಉಳಿದರ್ಧವನ್ನೂ ಅದೇ ಅಂಕಿ ಹೇಳುತ್ತದೆ. ಅವನ ಪ್ರೀತಿ ಅವನ ಬಾಣಲೆಯಷ್ಟೇ ಅಗಲ. ತಿನ್ನಲಾಗದ, ಹೊಡೆಯಲು ಮಜವಿಲ್ಲದ ಹುಲ್ಲುಗಾವಲಿನ ಸಣ್ಣ ಹಕ್ಕಿಗೆ ಅಂಥ ಆತಿಥೇಯನೊಬ್ಬ ಸಿಗಲಿಲ್ಲ. ಅಲ್ಲದೆ, ತಾನು ಹೊಡೆದದ್ದಷ್ಟೇ ತನ್ನ ಲೆಕ್ಕಕ್ಕೆ ಸೇರುತ್ತದೆ ಎಂದು ಅವನು ಬಹುಕಾಲ ನಂಬಿದ್ದ. ಗುರಿ ತಪ್ಪಿದ ಸೀಸದ ಚರೆಗಳು ಕೆಸರಿಗೆ ಬೀಳುತ್ತಿದ್ದವು. ಕಾಳು ಅರೆಯಲು ಕಲ್ಲಹರಳು ನುಂಗುವ ಬಾತುಗಳು ಈ ಚರೆಗಳನ್ನೂ ನುಂಗಿ ವಾರಗಟ್ಟಲೆ ಬಡಕಲಾಗಿ ಸಾಯುತ್ತಿದ್ದವು. ವರ್ಷಕ್ಕೆ ಲಕ್ಷಾಂತರ ಹಕ್ಕಿಗಳು ಹೀಗೆ ಸತ್ತವು. 1991ರಲ್ಲಿ ಇಡೀ ಅಮೆರಿಕದಲ್ಲಿ ಬಾತುಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿದರು. ತಗುಲಿದ ಗುಂಡಿನ ಪಾಪವನ್ನು ಎಲ್ಲರೂ ಬಲ್ಲರು. ತಪ್ಪಿದ ಗುಂಡಿಗೂ ಲೆಕ್ಕವಿದೆ ಎಂಬುದು ತಿಳಿಯಲು ತಡವಾಯಿತು.

ಇಲ್ಲಿಂದ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ನಮ್ಮ ಧರ್ಮದಲ್ಲಿ ಬೇಟೆ ನಿಷಿದ್ಧವಲ್ಲ. ಆದರೆ ಬೇಲಿಯಿಲ್ಲದ ಬೇಟೆಯೂ ಇಲ್ಲ. ಇಹ್ರಾಮ್ ಧರಿಸಿದ ಯಾತ್ರಿ ನೆಲದ ಪ್ರಾಣಿಯನ್ನು ಬೇಟೆಯಾಡುವಂತಿಲ್ಲ. ಮಕ್ಕಾ ಮದೀನಾಗಳ ಹರಮ್‌ನ ಮೇರೆಯೊಳಗೆ ಯಾರೂ ಬೇಟೆಯಾಡುವಂತಿಲ್ಲ. ಜೀವವಿರುವುದನ್ನು ಕಟ್ಟಿಹಾಕಿ ಗುರಿಹಲಗೆ ಮಾಡುವುದನ್ನು ಪ್ರವಾದಿಯವರು ತಡೆದರು. ಕಾರಣವಿಲ್ಲದೆ ಕೊಂದ ಗುಬ್ಬಚ್ಚಿ ಕಿಯಾಮತ್‌ನ ದಿನ ದೇವರೆದುರು ದೂರು ಒಯ್ಯುತ್ತದೆ ಎಂಬ ಅರ್ಥದ ಹದೀಸನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಹಕ್ಕಿಗಳನ್ನೂ ಸಮುದಾಯಗಳೆಂದೇ ಕುರ್‌ಆನ್ ಪರಿಗಣಿಸುತ್ತದೆ. ಸಮುದಾಯವೆಂದ ಮೇಲೆ ಅದಕ್ಕೆ ಊರಿರಬೇಕು, ನೀರಿರಬೇಕು. ಇಷ್ಟಿದ್ದೂ ಹಲಾಲ್ ಎಂಬ ಮಾತನ್ನು ನಾವು ಕತ್ತಿಯ ಒಂದು ಕ್ಷಣಕ್ಕೆ ಕಟ್ಟಿಹಾಕಿದ್ದೇವೆ. ಕತ್ತಿ ಹರಿತವಿತ್ತೇ, ಬಿಸ್ಮಿಲ್ಲಾ ಹೇಳಿದರೇ ಎಂದು ಕೇಳುತ್ತೇವೆ. ಆ ಜೀವ ಅದಕ್ಕೂ ಮೊದಲು ಹೇಗೆ ಬದುಕಿತ್ತು, ಅದರ ಕುಲ ನಾಳೆ ಎಲ್ಲಿ ನೀರು ಕುಡಿಯುತ್ತದೆ ಎಂದು ಕೇಳುವುದಿಲ್ಲ.

ಗುಬ್ಬಚ್ಚಿಯ ಮಾತು ಬಂದಾಗ ಸಲೀಂ ಅಲಿಯವರನ್ನು ನೆನೆಯದಿರಲಾಗದು. ಮುಂಬೈನ ಬೋಹ್ರಾ ಕುಟುಂಬದ ಈ ಹುಡುಗ ಹತ್ತರ ವಯಸ್ಸಿನ ಆಸುಪಾಸಿನಲ್ಲಿ ಗಾಳಿಬಂದೂಕಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದ. ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಇತ್ತು. ಇದು ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಅನುಮಾನ ಅವನನ್ನು ಮಾಮನ ಬಳಿಗೂ, ಅಲ್ಲಿಂದ ಮುಂಬೈನ ನ್ಯಾಚುರಲ್ ಹಿಸ್ಟರಿ ಸೊಸೈಟಿಗೂ ಕರೆದೊಯ್ದಿತು. ಭಾರತದ ಪಕ್ಷಿಶಾಸ್ತ್ರದ ದೊಡ್ಡ ಬದುಕೊಂದು ಬಂದೂಕಿನ ಏಟಿನಿಂದಲೇ ಶುರುವಾಯಿತು ಎಂಬುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ನಮ್ಮ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದೂ ಅವರು ಮೈಸೂರು ಅರಸರಿಗೆ ಕೊಟ್ಟ ಸಲಹೆಯಿಂದ.

ಅವರ ಹೆಸರು ಕೂಡಿಕೊಂಡಿರುವ ಇನ್ನೊಂದು ಜಾಗ ರಾಜಸ್ಥಾನದ ಭರತ್‌ಪುರ. ಅಮೆರಿಕದ ಆ ಆತಿಥೇಯನ ತಮ್ಮನೊಬ್ಬ ಇಲ್ಲಿಯೂ ಇದ್ದ. ಭರತ್‌ಪುರದ ಅರಸರು ತಗ್ಗು ನೆಲಕ್ಕೆ ಏರಿ ಕಟ್ಟಿ, ಕಾಲುವೆ ತೋಡಿ, ತೂಬುಗಳಿಂದ ನೀರು ಹರಿಸಿ ಬಾತುಬೇಟೆಯ ಕೆರೆ ಮಾಡಿಸಿದರು. 1902ರಲ್ಲಿ ವೈಸ್‌ರಾಯ್ ಕರ್ಜನ್ ಅಲ್ಲಿ ಬೇಟೆಯಾಡಿದ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್ಲಿತ್ಗೋ ಮತ್ತು ಅವನ ಸಂಗಡಿಗರು ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿದರು. ಆ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ, ಇಂದಿಗೂ ಓದಬಹುದು. ಇದು ಹಸಿವಿನ ಬೇಟೆಯಲ್ಲ, ಅಧಿಕಾರದ ಬೇಟೆ. ಇದನ್ನು ಸಮರ್ಥಿಸಲು ನನ್ನಲ್ಲಿ ಒಂದು ಮಾತೂ ಇಲ್ಲ. ಆದರೆ ಸ್ವಾತಂತ್ರ್ಯ ಬಂದ ಮೇಲೆ ಆ ನೀರನ್ನು ಬಸಿದು ನೆಲವನ್ನು ಹಂಚಬೇಕೆಂಬ ಒತ್ತಾಯ ಎದ್ದಾಗ, ಸಲೀಂ ಅಲಿಯವರು ನೆಹರೂ ತನಕ ಹೋಗಿ ಉಳಿಸಿಕೊಂಡದ್ದು ಇದೇ ಬೇಟೆಯ ಕೆರೆಯನ್ನು. 1956ರಲ್ಲಿ ಅದು ಪಕ್ಷಿಧಾಮವಾಯಿತು. ರಾಜಮನೆತನದ ಬೇಟೆಯ ಹಕ್ಕು 1972ರವರೆಗೂ ನಡೆಯಿತು. 1985ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು.

ಭರತ್‌ಪುರ ಇನ್ನೊಂದು ಪಾಠವನ್ನೂ ಕಲಿಸಿತು. ರಾಷ್ಟ್ರೀಯ ಉದ್ಯಾನವೆಂದ ಮೇಲೆ ದನ ಎಮ್ಮೆಗಳಿಗೆ ಅಲ್ಲೇನು ಕೆಲಸ ಎಂಬುದು ತಜ್ಞರ ಅಭಿಪ್ರಾಯವಾಗಿತ್ತು. ಸಲೀಂ ಅಲಿಯವರದ್ದೂ ಅದೇ. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದರು. ತಲೆತಲಾಂತರದಿಂದ ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಸುತ್ತಲ ಹಳ್ಳಿಯವರು ವಿರೋಧಿಸಿದರು. ಪೊಲೀಸರು ಗೋಲಿಬಾರ್ ಮಾಡಿ ಹಲವರನ್ನು ಕೊಂದರು. ಹಕ್ಕಿಗಳತ್ತ ಬಂದೂಕು ಎತ್ತುವುದು ನಿಂತುಹೋದ ಜಾಗದಲ್ಲಿ, ಹಕ್ಕಿಗಳ ಹೆಸರಿನಲ್ಲಿ ಬಡವರತ್ತ ಬಂದೂಕು ಎತ್ತಲಾಯಿತು. ಆಮೇಲೆ ಅದೇ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹತ್ತು ವರ್ಷಗಳ ಅಧ್ಯಯನ ಏನು ಹೇಳಿತು? ಎಮ್ಮೆಗಳು ಮೇಯದೆ ನೀರಿನ ಹುಲ್ಲು ದಟ್ಟವಾಗಿ ಹಬ್ಬಿ, ಬಾತುಗಳಿಗೆ ಬೇಕಾದ ತೆರೆದ ನೀರೇ ಕಡಿಮೆಯಾಯಿತು ಎಂದು. ಅಮೆರಿಕದ ಮೇಲ್ವಿಚಾರಕ ನೇಗಿಲು ಹೂಡಿ ಮಾಡುವ ಕೆಲಸವನ್ನು ಇಲ್ಲಿ ಎಮ್ಮೆ ಸುಮ್ಮನೆ ಮಾಡುತ್ತಿತ್ತು. ಕೂಲಿಯಿಲ್ಲದ ಆ ನೀರಗಂಟಿಯನ್ನು ನಾವು ಗುರುತಿಸಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂಥ ಬೇಟೆ ಈಗ ನಮ್ಮ ದೇಶದಲ್ಲಿ ಅಪರಾಧ. ಇದು ಒಳ್ಳೆಯದೇ ಆಯಿತು. ಅದನ್ನು ಮತ್ತೆ ತೆರೆಯಬೇಕೆಂದು ನಾನು ಹೇಳಲಾರೆ. ಆದರೆ ಬಂದೂಕು ಕೆಳಗಿಟ್ಟ ನಮ್ಮ ಕೈ ಆಮೇಲೆ ಏನು ಮಾಡಿತು? 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕೂ ಹೆಚ್ಚು ವಲಸೆಹಕ್ಕಿಗಳು ಸತ್ತವು. ಒಂದೂ ಗುಂಡು ಹಾರಿರಲಿಲ್ಲ. ಬಾಟುಲಿಸಂ ಎಂಬ ವಿಷರೋಗ ಅದು. ಸತ್ತ ಹಕ್ಕಿಯ ಮೈಯಲ್ಲಿ ಹುಟ್ಟಿದ ಹುಳುಗಳನ್ನು ತಿಂದ ಹಕ್ಕಿಯೂ ಸಾಯುತ್ತದೆ. ಆದ್ದರಿಂದ ಹೆಣಗಳನ್ನು ಬೇಗ ಎತ್ತಬೇಕು, ನೀರಿನ ಮೇಲೆ ಕಣ್ಣಿಡಬೇಕು. ಅಂದರೆ ದಿನಾ ಅಲ್ಲಿಗೆ ಹೋಗಿ ನೋಡುವವನೊಬ್ಬ ಬೇಕು. ಭರತ್‌ಪುರಕ್ಕೆ ಬರುತ್ತಿದ್ದ ಸೈಬೀರಿಯಾದ ಕ್ರೌಂಚಗಳು 2002ರ ನಂತರ ಮತ್ತೆ ಕಾಣಲಿಲ್ಲ. ನಮ್ಮ ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಬೆಳ್ಳಂದೂರು ಕೆರೆಗೆ 2015ರಲ್ಲೂ, 2017ರಲ್ಲೂ, 2018ರಲ್ಲೂ ಬೆಂಕಿ ಬಿತ್ತು. ಈ ಕೆರೆಗಳಲ್ಲಿ ಇಳಿಯಬೇಕಿದ್ದ ಹಕ್ಕಿಗಳನ್ನು ಯಾರೂ ಕೊಲ್ಲಲಿಲ್ಲ. ಅವುಗಳ ಮನೆಯನ್ನು ಕಿತ್ತೆವು, ಅಷ್ಟೆ.

ನಮ್ಮ ಸಮಾಜದಲ್ಲಿ ಹಿಂಸೆಯನ್ನು ಅಳೆಯುವ ಕೋಲು ಬಹಳ ಗಿಡ್ಡ. ಅದು ತಟ್ಟೆಯ ತನಕ, ಕಸಾಯಿಯ ಕತ್ತಿಯ ತನಕ ಮಾತ್ರ ಮುಟ್ಟುತ್ತದೆ. ಮಾಂಸ ತಿನ್ನುವವನು ಕ್ರೂರಿ, ತಿನ್ನದವನು ದಯಾಳು ಎಂದು ತೀರ್ಪು ಕೊಟ್ಟು ಮುಗಿಸುವವರಿದ್ದಾರೆ. ಕೆರೆ ಮುಚ್ಚಿ ಕಟ್ಟಿದ ಬಡಾವಣೆಯಲ್ಲಿ ಸಸ್ಯಾಹಾರಿಯೂ ಇದ್ದಾನೆ, ಮಾಂಸಾಹಾರಿಯೂ ಇದ್ದಾನೆ, ಐದು ಹೊತ್ತು ನಮಾಜು ಮಾಡುವವನೂ ಇದ್ದಾನೆ. ಯಾರ ಕೈಯಲ್ಲೂ ರಕ್ತ ಕಾಣುವುದಿಲ್ಲ. ಮೇಲೆ ಹೇಳಿದ ಬೇಟೆಗಾರನ ಕೈಯಲ್ಲಿ ರಕ್ತವಿದೆ, ಜೊತೆಗೆ ಕೆಸರೂ ಇದೆ. ನಮ್ಮ ಕೈಯಲ್ಲಿ ಎರಡೂ ಇಲ್ಲ. ರಕ್ತವಿಲ್ಲದ್ದಕ್ಕೆ ಹೆಮ್ಮೆಪಡುವ ಮೊದಲು ಕೆಸರಿಲ್ಲದ್ದಕ್ಕೆ ಸ್ವಲ್ಪ ನಾಚಬೇಕಲ್ಲವೇ?

ಕೊಲ್ಲದಿರುವುದು ದಯೆಯ ಮೊದಲ ಮೆಟ್ಟಿಲು. ಅಲ್ಲೇ ನಿಂತುಬಿಟ್ಟರೆ ಅದು ಕಾಸು ಖರ್ಚಿಲ್ಲದ ಪುಣ್ಯ. ಅಮಾನತ್ ಎಂಬ ಮಾತು ನಮ್ಮಲ್ಲಿದೆ. ಒಬ್ಬರು ನಂಬಿ ಒಪ್ಪಿಸಿಹೋದ ವಸ್ತುವನ್ನು ಕದಿಯಲಿಲ್ಲ ಎಂದರೆ ಸಾಲದು. ಗೆದ್ದಲು ಹತ್ತದಂತೆ, ನೀರು ತಾಗದಂತೆ ನೋಡಿಕೊಂಡು ಹಿಂದಿರುಗಿಸಬೇಕು. ಬೇಟೆಗಾರ ತನ್ನ ಪಾಲು ಕಡಿದುಕೊಂಡು ಅಮಾನತ್ ಕಾಯುತ್ತಾನೆ. ನಾವು ಪಾಲು ಕೇಳುವುದಿಲ್ಲ, ಕಾಯುವುದೂ ಇಲ್ಲ. ಅಲ್ಲಿಯೂ ಚೀಟಿ ಕೊಳ್ಳುವ ಬೇಟೆಗಾರರು 1970ರ ದಶಕದಲ್ಲಿದ್ದಷ್ಟು ಈಗ ಇಲ್ಲ. ಆ ಚೀಟಿಯನ್ನು ಹಕ್ಕಿ ನೋಡುವವರೂ ಕೊಳ್ಳಬಹುದು. ಬೇಟೆಗಾರ ಹಿಂದೆ ಸರಿದರೆ ಆ ತೂಬುಗಳ ಖರ್ಚು ಅವರ ಪಾಲಿಗೆ ಬೀಳುತ್ತದೆ. ದುರ್ಬೀನು ಹಿಡಿದವನು ಬಂದೂಕು ಹಿಡಿದವನಷ್ಟು ಕೊಡಲು ತಯಾರಿದ್ದಾನೆಯೇ ಎಂಬುದು ಅವನ ಪ್ರೀತಿಯ ಪರೀಕ್ಷೆ.

ಕೊಲ್ಲದೆಯೂ ಬೆಲೆ ತೆತ್ತವರು ನಮ್ಮ ನಾಡಿನಲ್ಲೇ ಇದ್ದಾರೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಗೂಡಿರುವ ಹುಣಸೆಮರದ ಫಸಲು ಮನೆಯವರಿಗೆ ಪೂರ್ತಿ ದಕ್ಕುವುದಿಲ್ಲ. ಅರಣ್ಯ ಇಲಾಖೆ ಕೊಡುವ ಪರಿಹಾರ ದೊಡ್ಡದೇನಲ್ಲ. ಅಂಗಳದ ತುಂಬ ಹಿಕ್ಕೆ, ಮೀನಿನ ವಾಸನೆ. ಆದರೂ ಆ ಊರಿನವರು ಆ ಹಕ್ಕಿಗಳನ್ನು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಆ ಮಾತನ್ನು ನಾವು ಹೊಗಳಿ ಬರೆದು ಮುಗಿಸುತ್ತೇವೆ. ಮಗಳು ತವರಿಗೆ ಬಂದರೆ ಮನೆಯ ಖರ್ಚು ಏರುತ್ತದೆ ಎಂಬುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಆ ಖರ್ಚನ್ನು ಮಂಡ್ಯದ ಒಂದು ಹಳ್ಳಿಯ ತಲೆಗೆ ಕಟ್ಟಿ, ನಾವು ಮಾತ್ರ ಕೈ ತೊಳೆದುಕೊಂಡು ಕೂರುವುದು ಯಾವ ನ್ಯಾಯ? ಪ್ರತಿ ಚಳಿಗಾಲದಲ್ಲೂ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. ದಡದಲ್ಲಿ ಬಂದೂಕು ಹಿಡಿದವರು ಅವಕ್ಕೆ ಕಾಣಿಸದಿರಬಹುದು. ಕೆರೆಯಲ್ಲಿ ನೀರಿದೆಯೇ, ತೂಬಿನ ಬಳಿ ಯಾರಾದರೂ ಇದ್ದಾರೆಯೇ ಎಂಬುದಕ್ಕೆ ಉತ್ತರ ಕೊಡಬೇಕಾದವರು ನಾವು.